ಸೈಡ್‌ಬಾರ್ ತೆರೆಯುವುದೇ ಬೇರೆ, ಅದರೊಳಗೆ ಹೋಗುವುದೇ ಬೇರೆ

ಟಿಪ್ಪಣಿ ಬರೆಯುವ ಆ್ಯಪ್ ಅಬ್ಸಿಡಿಯನ್‌ನಲ್ಲಿ, ಫೈಲ್ ಪಟ್ಟಿ ಇರುವ ಎಡ ಸೈಡ್‌ಬಾರ್‌ಗೆ ಒಂದು ಶಾರ್ಟ್‌ಕಟ್ ಕೊಟ್ಟು, ಅದು ತೆರೆದುಕೊಂಡ ಮೇಲೆ ಕೆಳಬಾಣ ಒತ್ತಿ ನೋಡಿ. ಫೈಲ್ ಪಟ್ಟಿ ಕದಲುವುದಿಲ್ಲ. ಟಿಪ್ಪಣಿಯೊಳಗಿನ ಕರ್ಸರ್ ಒಂದು ಸಾಲು ಕೆಳಗಿಳಿಯುತ್ತದೆ, ಅಷ್ಟೆ. ಕೀಬೋರ್ಡಿನಿಂದಲೇ ಫೈಲ್ ಹುಡುಕಲು ಹೊರಟವರು ಬಹಳ ಮಂದಿ ಇಲ್ಲಿಗೇ ಕೈಬಿಟ್ಟು ಮೌಸ್ ಹಿಡಿಯುತ್ತಾರೆ. ‘ಟಾಗಲ್ ಲೆಫ್ಟ್ ಸೈಡ್‌ಬಾರ್’ ಪಟ್ಟಿಯನ್ನು ತೋರಿಸುತ್ತದೆ, ಮುಚ್ಚುತ್ತದೆ. ಫೋಕಸ್ಸನ್ನು, ಅಂದರೆ ನೀವು ಒತ್ತಿದ ಕೀಲಿ ತಲುಪುವ ಜಾಗವನ್ನು, ಅಲ್ಲಿಗೆ ಒಯ್ಯುವುದು ಅದರ ಕೆಲಸವಲ್ಲ. ಅದಕ್ಕೆ ಬೇರೆಯೇ ಕಮಾಂಡ್ ಇದೆ: ‘ಫೈಲ್ಸ್: ಶೋ ಫೈಲ್ ಎಕ್ಸ್‌ಪ್ಲೋರರ್’. ಸೈಡ್‌ಬಾರ್ ಮುಚ್ಚಿದ್ದರೆ ಇದು ತೆರೆಯುತ್ತದೆ, ಅಲ್ಲಿ ಹುಡುಕಾಟದ ಟ್ಯಾಬೋ ಬುಕ್‌ಮಾರ್ಕ್ ಟ್ಯಾಬೋ ಕೂತಿದ್ದರೆ ಫೈಲ್ ಪಟ್ಟಿಯನ್ನು ಮುಂದೆ ತರುತ್ತದೆ, ಫೋಕಸ್ಸನ್ನೂ ಅಲ್ಲಿಗೇ ಕೊಡುತ್ತದೆ. ಆಮೇಲೆ ಮೇಲೆ ಕೆಳಗೆ ಬಾಣಗಳಿಂದ ಓಡಾಟ, ಬಲಬಾಣಕ್ಕೆ ಫೋಲ್ಡರ್ ಬಿಚ್ಚಿಕೊಳ್ಳುತ್ತದೆ, ಎಡಬಾಣಕ್ಕೆ ಮಡಚಿಕೊಳ್ಳುತ್ತದೆ, ಎಂಟರ್‌ಗೆ ಟಿಪ್ಪಣಿ ತೆರೆಯುತ್ತದೆ.

ತೊಂದರೆ ಏನೆಂದರೆ, ಈ ಕಮಾಂಡಿಗೆ ಮೊದಲಿನಿಂದ ಯಾವ ಕೀಲಿಯೂ ಇಲ್ಲ. ನಾವೇ ಕೊಡಬೇಕು. ಸೆಟ್ಟಿಂಗ್ಸ್ (ಕಂಟ್ರೋಲ್ + ಅಲ್ಪವಿರಾಮ), ಅದರಲ್ಲಿ ಹಾಟ್‌ಕೀಸ್. ಕಮಾಂಡಿನ ಹೆಸರು ಹುಡುಕಿ, ಪಕ್ಕದ ಪ್ಲಸ್ ಗುರುತು ಒತ್ತಿ, ಬೇಕಾದ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆಯಿತು. ಬೇರೊಂದು ಕಮಾಂಡ್ ಅದೇ ಕೀಲಿಗಳನ್ನು ಹಿಡಿದುಕೊಂಡಿದ್ದರೆ ಕೆಂಪಾಗಿ ಕಾಣುತ್ತದೆ.

ನಾನು ಸೂಚಿಸುವುದು ಕಂಟ್ರೋಲ್ + ಶಿಫ್ಟ್ ಜೊತೆ ಮೂರು ಅಕ್ಷರ: ಇ, ಆರ್, ಡಿ. ಮೂರೂ ಕೀಬೋರ್ಡಿನಲ್ಲಿ ಅಕ್ಕಪಕ್ಕ ಇವೆ, ಎಡಗೈ ಕದಲಬೇಕಿಲ್ಲ. ಇ ಕೀಲಿ ಫೈಲ್ ಪಟ್ಟಿಗೆ ಹೋಗಲು. ಆರ್ ಕೀಲಿ ‘ರಿವೀಲ್ ಕರೆಂಟ್ ಫೈಲ್ ಇನ್ ನ್ಯಾವಿಗೇಷನ್’ಗೆ, ಅಂದರೆ ಈಗ ತೆರೆದಿರುವ ಟಿಪ್ಪಣಿ ಯಾವ ಫೋಲ್ಡರಿನಲ್ಲಿದೆ ಎಂದು ಪಟ್ಟಿಯಲ್ಲಿ ತೋರಿಸಲು. ಡಿ ಕೀಲಿ ‘ಫೋಕಸ್ ಆನ್ ಲಾಸ್ಟ್ ನೋಟ್’ಗೆ, ಏನನ್ನೂ ತೆರೆಯದೆ ಬರೆಯುತ್ತಿದ್ದಲ್ಲಿಗೇ ಮರಳಲು. ಈ ಮೂರನೆಯದನ್ನು ಮರೆಯುವವರೇ ಹೆಚ್ಚು. ಪಟ್ಟಿಯೊಳಗೆ ಹೋಗುವ ದಾರಿ ಮಾಡಿಕೊಂಡು ಹೊರಬರುವ ದಾರಿ ಮಾಡಿಕೊಳ್ಳದಿದ್ದರೆ ಕೊನೆಗೆ ಮೌಸೇ ಗತಿ. ಮ್ಯಾಕ್‌ನಲ್ಲಿ ಕಂಟ್ರೋಲ್ ಜಾಗದಲ್ಲಿ ಕಮಾಂಡ್ ಕೀಲಿ ಎಂದುಕೊಳ್ಳಿ.

ಇಷ್ಟೆಲ್ಲ ಹೇಳಿದರೂ, ಹೆಸರು ಗೊತ್ತಿರುವ ಫೈಲಿಗೆ ಸೈಡ್‌ಬಾರ್ ಬೇಕೇ ಇಲ್ಲ. ಕಂಟ್ರೋಲ್ + ಓ ಒತ್ತಿದರೆ ಕ್ವಿಕ್ ಸ್ವಿಚರ್ ಬರುತ್ತದೆ. ಹೆಸರಿನ ನಾಲ್ಕು ಅಕ್ಷರ ಸಾಕು, ಅವು ಅದೇ ಕ್ರಮದಲ್ಲಿದ್ದರೆ ನಡುವೆ ಬಿಟ್ಟರೂ ನಡೆಯುತ್ತದೆ. ಏನೂ ಟೈಪ್ ಮಾಡದಿದ್ದರೆ ಇತ್ತೀಚೆಗೆ ತೆರೆದ ಟಿಪ್ಪಣಿಗಳು ಮೇಲಿರುತ್ತವೆ. ಎಂಟರ್ ಒತ್ತಿದರೆ ಇದೇ ಟ್ಯಾಬಿನಲ್ಲಿ, ಕಂಟ್ರೋಲ್ + ಎಂಟರ್ ಒತ್ತಿದರೆ ಹೊಸ ಟ್ಯಾಬಿನಲ್ಲಿ. ಒಂದು ಅಪಾಯವಿದೆ: ಟೈಪ್ ಮಾಡಿದ್ದಕ್ಕೆ ಯಾವ ಫೈಲೂ ಹೊಂದದಿದ್ದರೆ ಎಂಟರ್ ಅದೇ ಹೆಸರಿನ ಹೊಸ ಖಾಲಿ ಟಿಪ್ಪಣಿ ಹುಟ್ಟಿಸುತ್ತದೆ. ಒಂದಕ್ಷರ ತಪ್ಪಿದರೂ ವಾಲ್ಟ್‌ನಲ್ಲಿ (ಟಿಪ್ಪಣಿಗಳೆಲ್ಲ ಇರುವ ಫೋಲ್ಡರಿನಲ್ಲಿ) ಅನಾಥ ಫೈಲೊಂದು ಬಿದ್ದಿರುತ್ತದೆ. ಪಟ್ಟಿಯ ಮೇಲೆ ಒಮ್ಮೆ ಕಣ್ಣು ಹಾಯಿಸಿಯೇ ಎಂಟರ್ ಒತ್ತಿ.

ಕನ್ನಡದಲ್ಲಿ ಫೈಲ್ ಹೆಸರಿಡುವವರಿಗೆ ಇಲ್ಲಿ ಇನ್ನೊಂದು ಗೋಜಲು ಉಂಟು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟ್ ಮತ್ತು ವೇ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ, ಒತ್ತಕ್ಷರ ಆಗದಂತೆ ತಡೆಯುವ ಶೂನ್ಯ ಅಗಲದ ಚಿಹ್ನೆ. ಫೈಲ್ ಹೆಸರಿನಲ್ಲಿ ಅದಿದ್ದು ಹುಡುಕುವಾಗ ನೀವು ಬಿಟ್ಟರೆ ಚಿಂತೆಯಿಲ್ಲ, ನಡುವೆ ಬಿಟ್ಟದ್ದನ್ನು ಸ್ವಿಚರ್ ಸಹಿಸಿಕೊಳ್ಳುತ್ತದೆ. ಹೆಸರಿನಲ್ಲಿ ಇಲ್ಲದೆ ಹುಡುಕುವಾಗ ಮಾತ್ರ ಸೇರಿದರೆ ಫೈಲ್ ಸಿಗುವುದು ಕಷ್ಟ. ಸುಲಭದ ಉಪಾಯವೆಂದರೆ ಟಿಪ್ಪಣಿಯ ಪ್ರಾಪರ್ಟಿಗಳಲ್ಲಿ (ತಲೆಯಲ್ಲಿರುವ ವಿವರಗಳಲ್ಲಿ) ‘ಏಲಿಯಾಸಸ್’, ಅಂದರೆ ಅಡ್ಡಹೆಸರು, ಸೇರಿಸಿ ಇಂಗ್ಲಿಷಿನಲ್ಲಿ ಒಂದು ಚಿಕ್ಕ ಹೆಸರು ಕೊಡುವುದು. ಸ್ವಿಚರ್ ಅದನ್ನೂ ಹುಡುಕುತ್ತದೆ, ಬರೀ ಹೆಸರಿಗೋಸ್ಕರ ಕೀಬೋರ್ಡ್ ಭಾಷೆ ಬದಲಿಸುವ ಕೆಲಸ ತಪ್ಪುತ್ತದೆ.

ಕೀಲಿ ಒತ್ತಿದರೂ ಏನೂ ಆಗದಿದ್ದರೆ ಸಾಮಾನ್ಯವಾಗಿ ತಪ್ಪು ಆ್ಯಪ್‌ನದಲ್ಲ, ಆಪರೇಟಿಂಗ್ ಸಿಸ್ಟಂ ಅದನ್ನು ಮೊದಲೇ ನುಂಗಿರುತ್ತದೆ. ಅಬ್ಸಿಡಿಯನ್‌ನಲ್ಲಿ ಹಿಂದಿನ ಟಿಪ್ಪಣಿಗೆ ಹೋಗಲು ಕಂಟ್ರೋಲ್ + ಆಲ್ಟ್ + ಎಡಬಾಣ. ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಅದೇ ಕೀಲಿಗಳು ವರ್ಕ್‌ಸ್ಪೇಸ್ ಬದಲಿಸುತ್ತವೆ. ಆಲ್ಟ್ + ಎಡಬಾಣಕ್ಕೆ ಬದಲಿಸಿಕೊಂಡರೆ ಬ್ರೌಸರಿನಲ್ಲಿದ್ದ ಅಭ್ಯಾಸವೇ ಇಲ್ಲೂ ನಡೆಯುತ್ತದೆ. ವಿಂಡೋಸ್‌ನಲ್ಲಿ ಎಡ ಆಲ್ಟ್ + ಶಿಫ್ಟ್ ಕೀಬೋರ್ಡ್ ಭಾಷೆ ಬದಲಿಸುವ ಜೋಡಿಯಾಗಿರಬಹುದು, ಹಾಗಾಗಿ ಕನ್ನಡ, ಇಂಗ್ಲಿಷ್ ಎರಡನ್ನೂ ಬಳಸುವವರು ಆ ಜೋಡಿಯ ಮೇಲೆ ಶಾರ್ಟ್‌ಕಟ್ ಕಟ್ಟದಿರುವುದೇ ವಾಸಿ. ಕನ್ನಡ ಇನ್‌ಸ್ಕ್ರಿಪ್ಟ್ ಲೇಔಟ್ ಚಾಲೂ ಇದ್ದಾಗ ಕೆಲವು ಆ್ಯಪ್‌ಗಳಿಗೆ ಇಂಗ್ಲಿಷ್ ಅಕ್ಷರದ ಬದಲು ಕನ್ನಡ ಅಕ್ಷರವೇ ತಲುಪುವುದೂ ಉಂಟು. ಇಂಗ್ಲಿಷಿಗೆ ಬದಲಿಸಿ ಒಮ್ಮೆ ಒತ್ತಿ ನೋಡಿದರೆ ಗೊತ್ತಾಗುತ್ತದೆ.

ಬೇರೆ ಟಿಪ್ಪಣಿ ಆ್ಯಪ್‌ಗಳ ಪೈಕಿ ತೆರೆಯುವುದನ್ನೂ ಒಳಹೋಗುವುದನ್ನೂ ಮೊದಲಿನಿಂದಲೇ ಚೆನ್ನಾಗಿ ಬೇರ್ಪಡಿಸಿರುವುದು ಜಾಪ್ಲಿನ್. ಎಫ್10 ಸೈಡ್‌ಬಾರನ್ನು, ಎಫ್11 ಟಿಪ್ಪಣಿ ಪಟ್ಟಿಯನ್ನು ತೋರಿಸಿ ಮುಚ್ಚುತ್ತವೆ. ಫೋಕಸ್ಸಿಗೆ ಕಂಟ್ರೋಲ್ + ಶಿಫ್ಟ್ ಜೊತೆ ಎಸ್ ಸೈಡ್‌ಬಾರಿಗೆ, ಎಲ್ ಪಟ್ಟಿಗೆ, ಎನ್ ಶೀರ್ಷಿಕೆಗೆ, ಬಿ ಬರಹಕ್ಕೆ. ಕಂಟ್ರೋಲ್ + ಪಿ ಒತ್ತಿ # ಹಾಕಿದರೆ ಟ್ಯಾಗ್, @ ಹಾಕಿದರೆ ನೋಟ್‌ಬುಕ್ ಹುಡುಕಬಹುದು. ಲಾಗ್‌ಸೆಕ್‌ನಲ್ಲಿ ಟಿ ಒತ್ತಿ ಬಿಟ್ಟು ಎಲ್ ಒತ್ತಿದರೆ ಎಡ ಸೈಡ್‌ಬಾರ್, ಟಿ ಆಮೇಲೆ ಆರ್ ಒತ್ತಿದರೆ ಬಲ. ಬ್ಲಾಕ್ (ಅಲ್ಲಿ ಬರಹದ ಒಂದೊಂದು ತುಣುಕು) ಒಳಗೆ ಬರೆಯುತ್ತಿದ್ದರೆ ಆ ಅಕ್ಷರಗಳು ಬರಹಕ್ಕೇ ಸೇರುತ್ತವೆ, ಮೊದಲು ಎಸ್ಕೇಪ್ ಒತ್ತಬೇಕು. ನೋಷನ್‌ನಲ್ಲಿ ಕಂಟ್ರೋಲ್ + ಬ್ಯಾಕ್‌ಸ್ಲ್ಯಾಶ್ ಸೈಡ್‌ಬಾರಿಗೆ, ಕಂಟ್ರೋಲ್ + ಶಿಫ್ಟ್ + ಯು ಒಂದು ಹಂತ ಮೇಲಿನ ಪುಟಕ್ಕೆ. ಲಿನಕ್ಸ್‌ನಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಇದ್ದರೆ ಈ ಎರಡನೆಯದು ಯೂನಿಕೋಡ್ ಸಂಖ್ಯೆ ಬರೆಯುವ ಕೀಲಿಯೂ ಹೌದು, ಅಲ್ಲಿ ಯಾರಾದರೊಬ್ಬರು ಜಾಗ ಬಿಡಬೇಕು.

ಅಬ್ಸಿಡಿಯನ್‌ನಲ್ಲಿ ನೀವು ಕೊಟ್ಟ ಕೀಲಿಗಳು ಆಯಾ ವಾಲ್ಟಿಗೆ ಮಾತ್ರ ಸೀಮಿತ. ಇನ್ನೊಂದು ವಾಲ್ಟ್ ಮಾಡಿದರೆ ಮತ್ತೆ ಮೊದಲಿನಿಂದ ಕೂರಬೇಕಿಲ್ಲ: ಹಳೆಯ ವಾಲ್ಟಿನೊಳಗೆ ಚುಕ್ಕಿಯಿಂದ ಶುರುವಾಗುವ ‘ಅಬ್ಸಿಡಿಯನ್’ ಹೆಸರಿನ ಅಡಗಿದ ಫೋಲ್ಡರ್ ಇರುತ್ತದೆ, ಅದರಲ್ಲಿರುವ ‘ಹಾಟ್‌ಕೀಸ್’ ಜೇಸನ್ ಫೈಲನ್ನು ಹೊಸ ವಾಲ್ಟಿನ ಅದೇ ಜಾಗಕ್ಕೆ ನಕಲು ಮಾಡಿ, ಆ್ಯಪ್ ಮುಚ್ಚಿ ತೆರೆಯಿರಿ.