ಫ್ರೆಶ್ ಅಂದರೆ ಏನು ಅಲ್ಲ?

ಕಾರವಾರದ ಮೀನು ಮಾರುಕಟ್ಟೆಯಲ್ಲಿ ಬುಟ್ಟಿಯ ಮುಂದೆ ನಿಂತು "ಅಕ್ಕಾ, ಬಂಗಡೆ ಫ್ರೆಶ್ ಇದ್ಯಾ?" ಅಂತ ಕೇಳಿದರೆ ಬರುವ ಉತ್ತರ ಯಾವಾಗಲೂ ಹೌದು. ಬೆಳಗಿನ ದೋಣಿಯಲ್ಲಿ ಬಂದದ್ದೂ ಫ್ರೆಶ್, ಎರಡು ದಿನ ಐಸಿನಲ್ಲಿ ಮಲಗಿದ್ದೂ ಫ್ರೆಶ್. ಮಾರುವವಳು ಸುಳ್ಳು ಹೇಳುತ್ತಿದ್ದಾಳೆ ಅಂತಲ್ಲ, ಆ ಪದದ ಸ್ವಭಾವವೇ ಹಾಗೆ. ಏನು ಇದೆ ಅನ್ನುವುದಕ್ಕಿಂತ ಏನು ಇಲ್ಲ ಅನ್ನುವುದನ್ನೇ ಅದು ಹೆಚ್ಚು ಹೇಳುತ್ತದೆ: ಉಪ್ಪಿಲ್ಲ, ಒಣಗಿಲ್ಲ, ಹಳಸಿಲ್ಲ, ದಣಿದಿಲ್ಲ, ಬಳಸಿಲ್ಲ. ಎದುರಿಗೆ ನಿಂತಿರುವ 'ಇಲ್ಲ' ಯಾವುದು ಅಂತ ಹುಡುಕಿದರೆ ಕನ್ನಡದ ಪದ ತಾನಾಗಿ ಸಿಗುತ್ತದೆ.

ಇವುಗಳಲ್ಲಿ ಎಲ್ಲಕ್ಕಿಂತ ಹಳೆಯದು 'ಉಪ್ಪಿಲ್ಲ'. ಹಳೆಯ ಇಂಗ್ಲಿಷಿನ 'ಫೆರ್ಶ್' ಪದಕ್ಕೆ ಉಪ್ಪಲ್ಲದ್ದು ಅಂತಲೇ ಅರ್ಥ, ನೀರಿಗೆ ಹೇಳುತ್ತಿದ್ದ ಮಾತು. ಹೊಸತು, ತಾಜಾ ಅನ್ನುವ ಅರ್ಥಗಳು ಹಳೆಯ ಫ್ರೆಂಚಿನ ಸಹವಾಸದಿಂದ ಆಮೇಲೆ ಬಲವಾದವು. ಆ ಮೊದಲ ಅರ್ಥ ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಫ್ರೆಶ್‌ವಾಟರ್ ಅಂದರೆ ಸಿಹಿನೀರು. ಅಘನಾಶಿನಿ ನದಿಯ ಗಜನಿ ಗದ್ದೆಗಳಲ್ಲಿ (ಕಡಲ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳು) ಮಳೆಗಾಲದ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತ ಬೆಳೆಯುತ್ತದಲ್ಲ, ಆ ನೀರು ಫ್ರೆಶ್‌ವಾಟರ್. ಸಮುದ್ರದ್ದು ಸಾಲ್ಟ್‌ವಾಟರ್. ಎರಡೂ ಬೆರೆತ ಸವಳು ನೀರು ಬ್ರ್ಯಾಕಿಶ್.

ಇಲ್ಲೊಂದು ಬೋರ್ಡಿನ ತಪ್ಪು ಆಗುತ್ತದೆ. ಇಸ್ವಣ, ಬಂಗಡೆಯಂಥ ಕಡಲ ಮೀನು ಮಾರುವ ಅಂಗಡಿ 'ಫ್ರೆಶ್‌ವಾಟರ್ ಫಿಶ್' ಅಂತ ಬರೆಸಿದರೆ ಓದಿದವರು ಒಳಗೆ ಕೆರೆ-ಹೊಳೆಯ ಕಾಟ್ಲಾ, ರೋಹು ಇದೆ ಅಂದುಕೊಳ್ಳುತ್ತಾರೆ. ಬೇಕಾದದ್ದು 'ಫ್ರೆಶ್ ಸೀಫುಡ್'. ಹಾಗೆಯೇ ಎರಡು ಪದ ಬಿಡಿಸಿ 'ಎ ಬಕೆಟ್ ಆಫ್ ಫ್ರೆಶ್ ವಾಟರ್' ಅಂದರೆ ಬಾವಿಯಿಂದ ಆಗಲೇ ಸೇದಿದ ನೀರೂ ಆಗಬಹುದು, ಉಪ್ಪಲ್ಲದ ನೀರೂ ಆಗಬಹುದು. ಸಂದರ್ಭ ನೋಡಿಕೊಳ್ಳಬೇಕು.

ನಮ್ಮ ಕಡೆ ಫ್ರೆಶ್‌ಗೆ ಹತ್ತಿರದ ಪದ ತಾಜಾ ಅಲ್ಲ, ಅದು ಪಾರಸಿಯಿಂದ ಬಂದು ಪೇಟೆಯಲ್ಲಿ ನಿಂತಿತು. ಮನೆಯೊಳಗಿನ ಪದ 'ಹಸಿ'. ಹಸಿ ಮೀನು, ಒಣ ಮೀನು. ಹಸಿ ಶುಂಠಿ, ಒಣ ಶುಂಠಿ. ಹಸಿ ಗಾಯ ಅಂದರೆ ಇಂಗ್ಲಿಷಿನಲ್ಲೂ ಫ್ರೆಶ್ ವೂಂಡ್. ಇಟಲಿಯವರು ಹಸಿ ಗಾರೆಯ ಮೇಲೆ ಬರೆಯುವ ಚಿತ್ರಕ್ಕೆ ಫ್ರೆಸ್ಕೊ ಅನ್ನುತ್ತಾರೆ, ಅದೂ ಇದೇ ಮನೆತನದ ಪದ. ಗಾರೆ ಒಣಗುವ ಮೊದಲೇ ಬಣ್ಣ ಕೂರಬೇಕು.

ಆದರೆ ಹಸಿ ಕಂಡಲ್ಲೆಲ್ಲ ಫ್ರೆಶ್ ಹಾಕಿದರೆ, ಇಲ್ಲವೇ ಡಿಕ್ಷನರಿ ನೋಡಿ ರಾ ಅಂತ ಬರೆದರೆ, ಕೆಲಸ ಕೆಡುತ್ತದೆ. ಕಾಯಿಸದ ಹಾಲು ರಾ ಮಿಲ್ಕ್, ಬೇಯಿಸದ ಮೀನು ರಾ ಫಿಶ್. ಗೋಕರ್ಣದ ಹೋಟೆಲಿನ ಮೆನುವಿನಲ್ಲಿ ತಾಜಾ ಮೀನು ಅನ್ನಲು ಹೋಗಿ 'ರಾ ಫಿಶ್' ಅಂತ ಅಚ್ಚಾದರೆ ಬೇಯಿಸದೆ ತಟ್ಟೆಗೆ ಬರುವ ಮೀನು ಅಂತ ಅರ್ಥ. ಹಸಿಮೆಣಸು ಗ್ರೀನ್ ಚಿಲ್ಲಿ, ಹಸಿ ಕಟ್ಟಿಗೆ ಗ್ರೀನ್ ವುಡ್. ಹಸಿ ಕಾಳುಮೆಣಸಿಗೆ ಬರೀ 'ಗ್ರೀನ್ ಪೆಪ್ಪರ್' ಸಾಲದು, ಓದುವವರ ಕಣ್ಣಿಗೆ ಡೊಣ್ಣೆಮೆಣಸು ಬರುತ್ತದೆ. ಶಿರಸಿಯಿಂದ ಉಪ್ಪಿನಕಾಯಿ ಬಾಟಲಿ ಹೊರಗೆ ಕಳಿಸುವವರು ಲೇಬಲ್ಲಿನಲ್ಲಿ 'ಗ್ರೀನ್ ಪೆಪ್ಪರ್‌ಕಾರ್ನ್' ಅಂತ ಬರೆಸಬೇಕು. ಒದ್ದೆ ಬಟ್ಟೆ ವೆಟ್, ಹಸಿ ಗೋಡೆ ಡ್ಯಾಂಪ್. ಹಸಿಕಾಯಿಗೆ ಫ್ರೆಶ್ ಕೋಕನಟ್ ಸರಿ, ಎದುರಿಗೆ ಕೊಬ್ಬರಿ ಇದೆ. ಎಳನೀರು ಮಾತ್ರ ಟೆಂಡರ್.

ಗೇರುಬೀಜದಲ್ಲಂತೂ ಎಡವದವರು ಕಡಿಮೆ. ಬೇಸಿಗೆಯಲ್ಲಿ ಅಂಕೋಲಾ, ಕುಮಟಾ ಕಡೆ ಸಿಗುವ ಹಸಿ ಗೇರುಬೀಜವನ್ನು (ಕೊಂಕಣಿಯವರ ಬಿಬ್ಬೆ, ತೊಂಡೆಕಾಯಿಯ ಜೊತೆ ಉಪ್ಕರಿ ಪಲ್ಯಕ್ಕೆ ಬೀಳುವುದು) 'ರಾ ಕ್ಯಾಶ್ಯೂ' ಅಂತ ಬರೆಯಬಾರದು. ಗೇರು ವ್ಯಾಪಾರದಲ್ಲಿ ರಾ ಕ್ಯಾಶ್ಯೂ ನಟ್ ಅಂದರೆ ಒಣಗಿಸಿದ, ಸಿಪ್ಪೆ ಸಮೇತದ, ಕಾರ್ಖಾನೆಗೆ ಹೋಗುವ ಮಾಲು. ನಮ್ಮದು ಟೆಂಡರ್ ಕ್ಯಾಶ್ಯೂ ಅಥವಾ ಫ್ರೆಶ್ ಕ್ಯಾಶ್ಯೂ.

ಹಸಿ ಸುಳ್ಳಿಗೂ ಫ್ರೆಶ್‌ಗೂ ಸಂಬಂಧವೇ ಇಲ್ಲ, ಅದು ಬೇರ್‌ಫೇಸ್ಡ್ ಲೈ. ಹಸಿ ಬಾಣಂತಿಗೂ ಫ್ರೆಶ್ ಬಳಸುವಂತಿಲ್ಲ. ಆದರೆ ಹೈನುಗಾರಿಕೆಯ ಇಂಗ್ಲಿಷಿನಲ್ಲಿ ಆಗಷ್ಟೇ ಕರು ಹಾಕಿದ ಹಸುವಿಗೆ 'ಫ್ರೆಶ್ ಕೌ' ಅನ್ನುತ್ತಾರೆ. ಕೊಟ್ಟಿಗೆಗೆ ಒಪ್ಪುವ ಮಾತು ಮನೆಗೆ ಒಪ್ಪುವುದಿಲ್ಲ.

ಮತ್ತೆ ಮೀನಿಗೆ ಬರೋಣ. ಮೀನಿನ ವ್ಯಾಪಾರದಲ್ಲಿ ಫ್ರೆಶ್‌ನ ಎದುರು ಪದ ಬಹುಮಟ್ಟಿಗೆ ಫ್ರೋಜನ್. ಅಂದರೆ ಐಸಿನಲ್ಲಿ ತಂಪಾಗಿಟ್ಟದ್ದು ಇನ್ನೂ ಫ್ರೆಶ್, ಗಟ್ಟಿ ಹೆಪ್ಪುಗಟ್ಟಿಸಿದ್ದು ಅಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಆಗ ಈ ವ್ಯತ್ಯಾಸಕ್ಕೆ ಬೆಲೆ ಹೆಚ್ಚು. ಹಾಗಾಗಿ "ಫ್ರೆಶ್ಶಾ?" ಅನ್ನುವ ಬದಲು "ಇವತ್ತಿನದಾ? ಐಸ್ ಹಾಕಿ ಎಷ್ಟು ದಿನ ಆಯ್ತು?" ಅಂತ ಕೇಳಿ, ಉತ್ತರ ಬರುವಷ್ಟರಲ್ಲಿ ಕಣ್ಣು ಮತ್ತು ಕೈಯನ್ನೂ ಬಳಸಿ. ಮೀನಿನ ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಒಳಗೆ ಕುಸಿದು ಬೆಳ್ಳಗಾಗಿರಬಾರದು. ಕಿವಿರು ಕೆಂಪಗಿರಬೇಕು, ಕಂದಾಗಿ ಲೋಳೆ ಕಟ್ಟಿರಬಾರದು. ಬೆರಳಿನಿಂದ ಒತ್ತಿದ ಗುಳಿ ತಕ್ಷಣ ಮೇಲೇಳಬೇಕು. ತಾರ್ಲೆಗೆ (ಬೂತಾಯಿಗೆ) ಮೊದಲು ಹೊಟ್ಟೆ ನೋಡಿ: ಕರುಳಿನ ಜೀರ್ಣರಸವೇ ಗೋಡೆಯನ್ನು ತಿನ್ನುವುದರಿಂದ ಬೇಗ ಒಡೆಯುವುದು ಅದೇ. ನಮ್ಮಂಥ ಸೆಕೆಯ ಊರಿನಲ್ಲಿ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಬೇಕು. ಐಸ್ ಕಡಿಮೆಯಾದರೆ ಬಂಗಡೆಯಂಥ ಮೀನಿನಲ್ಲಿ ಹಿಸ್ಟಮಿನ್ ಹೆಚ್ಚಾಗಿ ಮೈ ಕೆಂಪಾಗಿ ತುರಿಕೆ ಬರಬಹುದು, ಬೇಯಿಸಿದರೂ ಅದು ಹೋಗುವುದಿಲ್ಲ.

ಮಿಕ್ಕ ಎದುರು ಪದಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಬ್ರೆಡ್ಡು, ಸುದ್ದಿ, ಗಾಳಿ ಹಳತಾದರೆ ಸ್ಟೇಲ್. ಹಳಸಿದ ಅನ್ನಕ್ಕೆ 'ಗಾನ್ ಆಫ್' ಅಥವಾ ಸ್ಪಾಯಿಲ್ಡ್. ತಂಗಳು ಹಳಸಿದ್ದಲ್ಲ, ಅದು ಲೆಫ್ಟ್‌ಓವರ್. ಕಮಟಾದ ಕೊಬ್ಬರಿ ಎಣ್ಣೆ ರ‍್ಯಾನ್ಸಿಡ್. ಫ್ರೆಶ್ ಶೀಟ್ ಆಫ್ ಪೇಪರ್ ಅಂದರೆ ಏನೂ ಬರೆಯದ ಹಾಳೆ. ಮೊದಲಿನಿಂದ ಮತ್ತೆ ಶುರು ಮಾಡುವುದು ಸ್ಟಾರ್ಟ್ ಅಫ್ರೆಶ್.

ಗಾಳಿಯ ಒಂದು ಅರ್ಥ ಮಾತ್ರ ತಪ್ಪಬಾರದು. ಫ್ರೆಶ್ ಏರ್ ಅಂದರೆ ಹೊರಗಿನ ಶುದ್ಧ ಗಾಳಿ. ಆದರೆ ಹವಾಮಾನದ ಭಾಷೆಯಲ್ಲಿ 'ಫ್ರೆಶ್ ಬ್ರೀಜ್' ತಂಗಾಳಿ ಅಲ್ಲ. ಅದು ಬ್ಯೂಫರ್ಟ್ ಮಾಪಕದ 5ನೇ ಅಂಕ, 17ರಿಂದ 21 ನಾಟ್, ಅಂದರೆ ಗಂಟೆಗೆ ಸುಮಾರು 29ರಿಂದ 38 ಕಿಲೋಮೀಟರ್ ವೇಗ. ತೆರೆದ ಕಡಲಿನಲ್ಲಿ ಅಲೆ ಸುಮಾರು 2 ಮೀಟರ್ ಏಳುತ್ತದೆ, ಎಲ್ಲೆಡೆ ಬಿಳಿ ನೊರೆ. ಚಿಕ್ಕ ದೋಣಿಯವರಿಗೆ ಇದನ್ನು 'ಹಿತವಾದ ಗಾಳಿ' ಅಂತ ಅನುವಾದಿಸಿ ಕೊಟ್ಟರೆ ಅಪಾಯ. 'ಬಿರುಸು ಗಾಳಿ' ಅನ್ನಿ.

ಮನುಷ್ಯರ ವಿಷಯಕ್ಕೆ ಬಂದರೆ, ನಾವು "ಫ್ರೆಶ್ ಆಗಿ ಬನ್ನಿ, ಚಾ ಇಡ್ತೇನೆ" ಅನ್ನುವುದು ಕನ್ನಡದಲ್ಲಿ ಚಂದವೇ. ಅದನ್ನೇ ಹೋಂಸ್ಟೇಗೆ ಬಂದ ವಿದೇಶಿಯರಿಗೆ 'ಗೆಟ್ ಫ್ರೆಶ್' ಅಂತ ಹೇಳಬಾರದು. 'ಗೆಟ್ ಫ್ರೆಶ್ ವಿತ್ ಸಂಬಡಿ' ಅಂದರೆ ಉದ್ಧಟತನ ಮಾಡುವುದು ಅಥವಾ ಮೈಮೇಲೆ ಬೀಳುವಂತೆ ನಡೆದುಕೊಳ್ಳುವುದು. ಸರಿಯಾದದ್ದು 'ಫ್ರೆಶನ್ ಅಪ್', ನಡುವಿನ 'ಅನ್' ಬಿಡಬೇಡಿ. ಫ್ರೆಶರ್ ಅಂದರೆ ಬ್ರಿಟನ್ನಿನಲ್ಲಿ ಮೊದಲ ವರ್ಷದ ವಿದ್ಯಾರ್ಥಿ, ಅಮೆರಿಕದಲ್ಲಿ ಅವನೇ ಫ್ರೆಶ್‌ಮನ್. ಅನುಭವವಿಲ್ಲದ ಉದ್ಯೋಗಾಕಾಂಕ್ಷಿ ಅನ್ನುವ ಅರ್ಥ ನಮ್ಮ ದೇಶದ್ದು. ಹೊರದೇಶದ ಕೆಲಸಕ್ಕೆ ಅರ್ಜಿ ಹಾಕುವಾಗ 'ರೀಸೆಂಟ್ ಗ್ರ್ಯಾಜುಯೇಟ್' ಅಂತ ಬರೆಯಿರಿ.

ಕೊನೆಗೆ ಫ್ರೆಶ್ಲಿ. ಇದು ಒಂಟಿಯಾಗಿ ನಾಮಪದದ ಮುಂದೆ ನಿಲ್ಲುವುದಿಲ್ಲ, ಪಕ್ಕದಲ್ಲಿ ಮಾಡಿದ ಕೆಲಸವೊಂದು ಬೇಕು: ಫ್ರೆಶ್ಲಿ ಗ್ರೌಂಡ್ ಕಾಫಿ, ಫ್ರೆಶ್ಲಿ ಕಾಟ್ ಫಿಶ್. 'ಫ್ರೆಶ್ಲಿ ಫಿಶ್' ತಪ್ಪು. ಮೀನು ಹಿಡಿದದ್ದು ನಿಜಕ್ಕೂ ಇವತ್ತೇ ಆಗಿದ್ದರೆ ಬೋರ್ಡಿನಲ್ಲಿ 'ಕಾಟ್ ಟುಡೇ' ಅಂತ ಬರೆಸಿ, ಗಿರಾಕಿ ಮತ್ತೆ ಕೇಳಬೇಕಾಗಿಲ್ಲ.