ಸೋಮವಾರ 12:24ಕ್ಕೆ ನೆರಳು ಎಲ್ಲಿ?

ಬೆಂಗಳೂರು, ಆಗಸ್ಟ್ 16, 2025, ಶನಿವಾರ

ನಾಡಿದ್ದು ಸೋಮವಾರ ಬೆಂಗಳೂರಿಗೆ ಈ ವರ್ಷದ ಎರಡನೇ ಶೂನ್ಯ ನೆರಳಿನ ದಿನ, ಅಂದರೆ ನಡುಹಗಲಲ್ಲಿ ನೇರ ನಿಂತ ಕೋಲಿಗೆ ನೆರಳೇ ಕಾಣದ ದಿನ. ಮೊದಲನೆಯದು ಏಪ್ರಿಲ್ 24ರಂದು, ಬೇಸಿಗೆ ರಜೆಯಲ್ಲಿ ಕಳೆದುಹೋಯಿತು. ಈ ಸಲ ಮಕ್ಕಳು ಶಾಲೆಯಲ್ಲೇ ಇರುತ್ತಾರೆ. ಮಧ್ಯಾಹ್ನ 12:24ರ ಹೊತ್ತಿಗೆ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಶ್ರಾವಣದ ಮೋಡವನ್ನು ನಂಬುವಂತಿಲ್ಲ, ಹಾಗಾಗಿ ನಾಳೆ ಭಾನುವಾರವೇ ಮಕ್ಕಳನ್ನು ಆಕಾಶದ ನಕ್ಷೆ ತೋರಿಸುವ ಸ್ಟೆಲ್ಲೇರಿಯಮ್ ವೆಬ್ ಮುಂದೆ ಕೂರಿಸಿ. ಬ್ರೌಸರ್‌ನಲ್ಲೇ ತೆರೆಯುತ್ತದೆ, ದುಡ್ಡು ಕೊಡಬೇಕಿಲ್ಲ.

ಊರನ್ನು ಕೈಯಾರೆ ಬೆಂಗಳೂರು ಎಂದು ಆರಿಸಿ. ತಾನಾಗಿ ಹಿಡಿಯಲು ಬಿಟ್ಟರೆ ಇಂಟರ್‌ನೆಟ್ ಸಂಪರ್ಕದ ಜಾಡು ಹಿಡಿದು ಬೇರೆ ಊರಿಗೆ ಹೋಗಿಬಿಡಬಹುದು. ದಿನಾಂಕ 18, ಸಮಯ 12:24 ಇಟ್ಟು ಸೂರ್ಯನನ್ನು ಮುಟ್ಟಿ. ‘ಅಝ್/ಆಲ್ಟ್’ (ದಿಕ್ಕು/ಎತ್ತರ) ಸಾಲಿನ ಎರಡನೇ ಸಂಖ್ಯೆಯೇ ದಿಗಂತದಿಂದ ಸೂರ್ಯನ ಎತ್ತರ. ಅದು 90 ಡಿಗ್ರಿಗೆ ತೀರಾ ಹತ್ತಿರ ಇರುತ್ತದೆ. ವಾತಾವರಣದ ಗುಂಡಿಯನ್ನು ಆಫ್ ಮಾಡಿದರೆ ನೀಲಿ ಬಣ್ಣ ಮಾಯವಾಗಿ ಹಿಂದಿನ ನಕ್ಷತ್ರಗಳು ಕಾಣುತ್ತವೆ. ಸೂರ್ಯ ಸಿಂಹದಲ್ಲಿರುತ್ತಾನೆ. ನಾಳೆಯೇ ಸಿಂಹ ಸಂಕ್ರಮಣ, ಮನೆಯ ಕ್ಯಾಲೆಂಡರ್ ತೆಗೆದು ಹೋಲಿಸಲಿ.

ಈಗ ಊರನ್ನು ಬೆಳಗಾವಿಗೆ ಬದಲಿಸಿ. ಎತ್ತರ ಎಷ್ಟು ಕಡಿಮೆಯಾಗುತ್ತದೆ ಎಂದು ಮೊದಲು ಊಹಿಸಿ ಬರೆದಿಡಲಿ. ಇಲ್ಲಿ ಬಹುತೇಕ ಮಕ್ಕಳು ಎಡವುವುದು ಗಡಿಯಾರವನ್ನು 12:24ರಲ್ಲೇ ಬಿಟ್ಟಾಗ. ಬೆಳಗಾವಿ ಪಶ್ಚಿಮಕ್ಕಿದೆ, ಅಲ್ಲಿ ಸೂರ್ಯ ಅತಿ ಎತ್ತರಕ್ಕೆ ಏರುವುದು ಸುಮಾರು 12 ನಿಮಿಷ ತಡವಾಗಿ. 12:36ಕ್ಕೆ ನೋಡಿದರೆ ಎತ್ತರ 87 ಡಿಗ್ರಿಯ ಆಸುಪಾಸು. 30 ಸೆಂ.ಮೀ. ಕೋಲಿಗೆ ಅಲ್ಲಿ ಸುಮಾರು ಒಂದೂವರೆ ಸೆಂ.ಮೀ. ನೆರಳು ಉತ್ತರಕ್ಕೆ ಬೀಳುತ್ತದೆ.

ಸೋಮವಾರ ಬಿಸಿಲು ಬಂದರೆ 30 ಸೆಂ.ಮೀ. ಪಿವಿಸಿ ಪೈಪ್ ತುಂಡು, ಬಿಳಿ ಹಾಳೆ, ರಸಮಟ್ಟ ಸಾಕು. ಪೈಪ್ ಬರೀ ಎರಡು ಡಿಗ್ರಿ ವಾಲಿದರೂ ಒಂದು ಸೆಂ.ಮೀ. ನೆರಳು ಬಂದುಬಿಡುತ್ತದೆ, ‘ಪ್ರಯೋಗ ಸುಳ್ಳು’ ಅನ್ನಿಸುತ್ತದೆ. ರಸಮಟ್ಟ ಇಲ್ಲದಿದ್ದರೆ ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟು ಎರಡು ಕಡೆಯಿಂದ ನೋಡಿ. ಸೂರ್ಯನನ್ನು ಮಾತ್ರ ಯಾರೂ ನೇರವಾಗಿ ನೋಡಕೂಡದು.

ವಿಡಿಯೊ ಪಾಠಕ್ಕಿಂತ ಇಂಥವನ್ನೇ ನಾವು ಮುಂದಿಡುತ್ತೇವೆ. ಮಗು ಒಂದು ಸಂಖ್ಯೆ ಬದಲಿಸಿದರೆ ತೆರೆ ಉತ್ತರ ಕೊಡಬೇಕು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳು, ಅಂದರೆ ತೆರೆಯ ಮೇಲೆ ಮಾಡಿ ನೋಡುವ ಪ್ರಯೋಗಗಳು, ಅಂಥವು. ಕೆಲವು ಕನ್ನಡದಲ್ಲೂ ಇವೆ, ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತವೆ. ಪೆಂಡುಲಮ್ ಲ್ಯಾಬ್‌ನಲ್ಲಿ ದಾರ 1 ಮೀಟರ್ ಇಟ್ಟರೆ ಹತ್ತು ತೂಗಾಟಕ್ಕೆ (ಹೋಗಿ ಬಂದರೆ ಒಂದು) 20 ಸೆಕೆಂಡು. ದಾರವನ್ನು ಕಾಲು ಮೀಟರ್ ಮಾಡಿದರೆ? ಸಾಮಾನ್ಯವಾಗಿ ಬರುವ ಊಹೆ 5, ಬರುವುದು 10. ಆಮೇಲೆ ಮನೆಯಲ್ಲಿ ದಾರಕ್ಕೊಂದು ಬೀಗ ಕಟ್ಟಿ ತೂಗಲಿ. ಉದ್ದವನ್ನು ಬೀಗದ ನಡುವಿನವರೆಗೆ ಅಳೆಯಬೇಕು. ಬಿಟ್ಟ ತಕ್ಷಣ ‘ಒಂದು’ ಎಂದರೆ ಒಂಬತ್ತೇ ತೂಗಾಟ ಆಗುತ್ತದೆ, ಎಣಿಕೆ ಸೊನ್ನೆಯಿಂದ ಶುರುವಾಗಲಿ. 60 ಡಿಗ್ರಿಯಷ್ಟು ಎಳೆದು ಬಿಟ್ಟರೆ 20ರ ಬದಲು ಇಪ್ಪತ್ತೊಂದೂವರೆ ಸೆಕೆಂಡಿನಷ್ಟಾಗುತ್ತದೆ, 10 ಡಿಗ್ರಿಯೊಳಗಿರಲಿ.

ಗಣಿತಕ್ಕೆ ಜಿಯೋಜೀಬ್ರಾ, ತೆರೆಯ ಮೇಲೆ ಆಕೃತಿ ಬರೆದು ಎಳೆದಾಡುವ ತಂತ್ರಾಂಶ. ತ್ರಿಭುಜದ ತುದಿ ಎಳೆಯುತ್ತಾ ಕೋನಗಳನ್ನು ಕೂಡುವಾಗ ದಶಮಾಂಶವಿಲ್ಲದೆ ಇಟ್ಟರೆ ಮೊತ್ತ 179 ಬಂದು ಗಾಬರಿಯಾಗುತ್ತದೆ. 60.4, 60.4, 59.2 ಎಂಬುದು 60, 60, 59 ಆಗಿರುತ್ತದೆ, ಅಷ್ಟೇ.

ಇತಿಹಾಸಕ್ಕೆ ನಮ್ಮೂರಿನ ಕಲ್ಲುಗಳೇ ಇವೆ. ಇತಿಹಾಸ ಅಧ್ಯಯನ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ ಆನ್‌ಲೈನ್‌ನಲ್ಲಿಟ್ಟಿದ್ದಾರೆ. ಫೋಟೊದಲ್ಲಿ ಸವೆದಂತೆ ಕಾಣುವ ಅಕ್ಷರ, ಕಲ್ಲನ್ನು ತಿರುಗಿಸಿ ನೋಡಿದಾಗ ಎದ್ದು ಬರುತ್ತದೆ. ಮೊದಲ ಪಾಠಕ್ಕೆ ಬೇಗೂರಿನ ಶಾಸನ: ಸುಮಾರು ಕ್ರಿ.ಶ. 890ರದು, ‘ಬೆಂಗಳೂರ ಕಾಳಗ’ದ ಹೆಸರು ಹೇಳುತ್ತದೆ. ವೀರಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟಳು, ಅದರಿಂದ ಊರಿಗೆ ಹೆಸರು ಬಂತು ಅನ್ನುವ ಕತೆ ಎಲ್ಲ ಮಕ್ಕಳಿಗೂ ಗೊತ್ತು. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಎರಡೂ ಇಸವಿಗಳನ್ನು ಹಾಳೆಯ ಮೇಲೆ ಒಂದು ಗೆರೆ ಎಳೆದು ಗುರುತಿಸಲು ಹೇಳಿ, ಕತೆ ನಿಜವೇ ಎಂಬ ಪ್ರಶ್ನೆಯನ್ನು ಅವರೇ ಕೇಳುತ್ತಾರೆ.