ಮೈಕ್ ಸಾರ್ ಮತ್ತು ಮೂರು ಕ್ಯಾಮೆರಾ

ನಮ್ಮ ವಿಜ್ಞಾನದ ಮೇಷ್ಟ್ರು ತೀರಿಕೊಂಡ ಸುದ್ದಿ ವಾಟ್ಸಾಪ್ ಗ್ರೂಪಿಗೆ ಬಂದಾಗ ಅವರ ಪಾಠದ ಬಗ್ಗೆ ಒಬ್ಬರೂ ಬರೆಯಲಿಲ್ಲ. ಎಲ್ಲರಿಗೂ ನೆನಪಾದದ್ದು ಮೈಕು. ಶಾಲೆಯಲ್ಲಿ ಅವರ ನೆನಪಿಗೆ ಒಂದು ಚರ್ಚಾಗೋಷ್ಠಿ ಇಡೋಣ, ದುಬೈ, ಬೆಂಗಳೂರಿನಲ್ಲಿ ಇರುವವರಿಗೆ ಲೈವ್ ಕೊಡೋಣ ಅಂತ ತೀರ್ಮಾನವಾಯಿತು. ಲೈವ್ ಕೆಲಸ ನನ್ನ ತಲೆಗೆ ಬಿತ್ತು. ಬೆಂಗಳೂರಿನಲ್ಲಿ ಇದೇ ನನ್ನ ಹೊಟ್ಟೆಪಾಡು. ಆ ವಲಯದಲ್ಲಿ ಹೆಸರೂ ತಕ್ಕಮಟ್ಟಿಗೆ ಇದೆ, ನಾನೇ ಹೇಳಿಕೊಳ್ಳಬಾರದು, ಇರಲಿ.

ಸಾರ್ ಆಗಸ್ಟ್ ಹದಿನೈದರ ಮಳೆಯಲ್ಲೂ ಸಿಲ್ವರ್ ಓಕ್ ಮರಕ್ಕೆ ಹಾರ್ನ್ ಕಟ್ಟಿಸುತ್ತಿದ್ದರು. ವೈರು ಸುತ್ತುವುದು, ಪ್ಲಗ್ ಬಿಚ್ಚಿ ಕಟ್ಟುವುದು ಎಲ್ಲಾ ನಮ್ಮ ಕೈಲೇ. 'ಹಲೋ ಹಲೋ' ಅಂತ ಅವರು ನೂರು ಸಲ ಕೂಗುತ್ತಿರಲಿಲ್ಲ. ಒಬ್ಬ ಹುಡುಗನನ್ನು ಗೇಟಿನ ಹತ್ತಿರ ಕಳಿಸುತ್ತಿದ್ದರು, ಮಾತು ಸ್ಪಷ್ಟವಾಗಿ ಕೇಳಿದರೆ ಅವನು ಕೈ ಎತ್ತಬೇಕು. "ಮೈಕಿನ ಪಕ್ಕ ನಿಂತವನಿಗೆ ಏನೂ ಗೊತ್ತಾಗಲ್ಲ, ಕೊನೆಯಲ್ಲಿ ಕೂತವನನ್ನು ಕೇಳ್ರೋ" ಅನ್ನುತ್ತಿದ್ದರು.

2001ರ ಮಾರ್ಚ್ 14, ನಮ್ಮ ಹತ್ತನೇ ಕ್ಲಾಸಿನ ಬೀಳ್ಕೊಡುಗೆ. ಅದೇ ದಿನ ಕೊಲ್ಕತ್ತಾದಲ್ಲಿ ಆಸ್ಟ್ರೇಲಿಯಾ ಎದುರು ಲಕ್ಷ್ಮಣ್, ದ್ರಾವಿಡ್ ಬೆಳಗ್ಗೆಯಿಂದ ಔಟೇ ಆಗದೆ ಆಡುತ್ತಿದ್ದರು. ನಾನು ಮತ್ತು ಇನ್ನಿಬ್ಬರು ಸೇರಿ ಒಂದು ಟ್ರಾನ್ಸಿಸ್ಟರ್ ತಂದು, ಅದರ ಇಯರ್‌ಫೋನ್ ತೂತಿನಿಂದ ಒಂದು ವೈರು ಎಳೆದು ಆಂಪ್ಲಿಫೈಯರ್‌ನ ಖಾಲಿ ಇನ್‌ಪುಟ್‌ಗೆ ಸಿಕ್ಕಿಸಿದೆವು. ಮುಖ್ಯ ಅತಿಥಿಗಳು ಶಿಸ್ತಿನ ಬಗ್ಗೆ ಮಾತಾಡುತ್ತಿದ್ದಾಗ ಹಾರ್ನಿನಲ್ಲಿ ಸಣ್ಣಗೆ ಕಾಮೆಂಟರಿ ಶುರುವಾಯಿತು. ದ್ರಾವಿಡ್ ಸೆಂಚುರಿ! ಇಡೀ ಮೈದಾನ ಚಪ್ಪಾಳೆ. ಅತಿಥಿಗಳು ತಮಗೇ ಅಂದುಕೊಂಡು ಇನ್ನೊಂದು ಹತ್ತು ನಿಮಿಷ ಜಾಸ್ತಿ ಮಾತಾಡಿದರು. ಸಾರ್ ಆಂಪ್ಲಿಫೈಯರ್ ಹತ್ತಿರ ಬಂದರು, ವೈರು ನೋಡಿದರು, ನಮ್ಮನ್ನು ನೋಡಿದರು. ಕಿತ್ತು ಹಾಕಲಿಲ್ಲ. ಆ ಚಾನೆಲ್‌ನ ನಾಬ್ ಸ್ವಲ್ಪ ಇಳಿಸಿ, ಕಾಮೆಂಟರಿಗೆ ಕಿವಿಗೊಟ್ಟು ಅಲ್ಲೇ ಕೂತುಬಿಟ್ಟರು!

ಇನ್ನು ಗೋಷ್ಠಿಯ ಕಥೆ. ವಿಷಯ ಕಾಫಿ, ಕಾಡಾನೆ, ಮಳೆ. ಇಟ್ಟದ್ದು ಜುಲೈನಲ್ಲಿ, ಕೊಡಗಿನ ಜುಲೈನಲ್ಲಿ, ಅದೂ ತಗಡಿನ ಶೀಟು ಹೊದಿಸಿದ ಹಾಲ್‌ನಲ್ಲಿ! ಕ್ಯಾಮೆರಾ ದೊಡ್ಡ ವಿಷಯವಲ್ಲ. ಮೂರು ಇದ್ದವು, ಮೂರನ್ನೂ ಸಭಿಕರು ಕೂತ ಕಡೆಯೇ ವೇದಿಕೆಗೆ ಮುಖ ಮಾಡಿ ಇಟ್ಟಿದ್ದೆ. ನಡುವಿನದು ವೇದಿಕೆ ಮೇಲೆ ಮಾತಾಡುವ ಐದೂ ಜನರನ್ನು ಒಟ್ಟಿಗೆ ತೋರಿಸಿದರೆ, ಎಡಗಡೆಯದು ಬಲಗಡೆ ಕೂತವರ ಮುಖ, ಬಲಗಡೆಯದು ಎಡಗಡೆಯವರ ಮುಖ. ದೂರ ಜಾಸ್ತಿ ಅಂತ ಟಿವಿಗೆ ಸಿಕ್ಕಿಸುವ ಎಚ್‌ಡಿಎಂಐ ಬಿಟ್ಟು, ದೂರಕ್ಕೂ ಚಿತ್ರ ಒಯ್ಯುವ ಎಸ್‌ಡಿಐ ಕೇಬಲ್ ಎಳೆಸಿದೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಚಿತ್ರದಲ್ಲಿ ಟ್ಯೂಬ್‌ಲೈಟ್ ಮಿನುಗದಿರಲಿ ಅಂತ ಮೂರರಲ್ಲೂ ಶಟರ್ ವೇಗ ಸೆಕೆಂಡಿನ 1/50 ಭಾಗ. ನೆಟ್ ನಂಬುವ ಹಾಗಿಲ್ಲ ಅಂತ 1080ರ ಸ್ಪಷ್ಟ ಚಿತ್ರದ ಆಸೆ ಬಿಟ್ಟು, ಕಡಿಮೆ ನೆಟ್ ಸಾಕಾಗುವ 720ರಲ್ಲೇ ಲೈವ್ ಕೊಟ್ಟೆ, ಫೈಬರ್ ಹೋದರೆ ಇರಲಿ ಅಂತ ಒಂದು ಸಿಮ್ಮೂ ಸಿದ್ಧವಿತ್ತು. ಚಿತ್ರ ಸ್ವಲ್ಪ ಮಂಕಾದರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ.

ಮಳೆ ಬಂದೇ ಬಂತು. ಐದು ಮೈಕೂ ತೆರೆದಿದ್ದರೆ ಐದರಲ್ಲೂ ಶೀಟಿನ ಸದ್ದು ಸೇರಿ ಮಾತು ಮುಳುಗುತ್ತದೆ. ಅದಕ್ಕೇ ಕಾಲರ್ ಮೈಕ್ ಬೇಡ, ಬಾಯಿ ಹತ್ತಿರ ಹಿಡಿಯುವ ಮೈಕೇ ಇರಲಿ ಅಂದಿದ್ದೆ. ಎಲ್ಲ ಮೈಕುಗಳ ಧ್ವನಿ ಸೇರಿಸುವ ಮಿಕ್ಸರ್ ಮುಂದೆ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬನನ್ನು ಕೂರಿಸಿ, ಮಾತಾಡುವವರದ್ದು ಮಾತ್ರ ಏರಿಸು, ಉಳಿದವು ಇಳಿದೇ ಇರಲಿ ಅಂದೆ. ತೋಟದ ಹಿರಿಯರೊಬ್ಬರು ನೀರು ಸೋರುವ ಕೊಡೆಯನ್ನು ಮೊಣಕಾಲ ನಡುವೆ ಇಟ್ಟುಕೊಂಡೇ ವೇದಿಕೆ ಮೇಲಿದ್ದರು. ಅವರು ಮೈಕ್ ಬಾಯಿಗೆ ತರುವ ಮೊದಲೇ, ಕೊಡೆ ಕೈ ಬದಲಿಸುವುದನ್ನು ನೋಡಿಯೇ ಹುಡುಗ ಅವರ ಮೈಕಿನ ಧ್ವನಿಯ ಜಾರುಗುಂಡಿ, ಅಂದರೆ ಫೇಡರ್, ಏರಿಸುತ್ತಿದ್ದ. ಕಲಿಯಲು ಅವನಿಗೆ ಹತ್ತು ನಿಮಿಷವೂ ಹಿಡಿಯಲಿಲ್ಲ ಮಾರಾಯ್ರೆ!

ಇನ್ನೊಬ್ಬ ಹುಡುಗಿಯನ್ನು ಫೋನು, ಇಯರ್‌ಫೋನ್ ಕೊಟ್ಟು ಸ್ಟಾಫ್ ರೂಮಿಗೆ ಕಳಿಸಿದ್ದೆ. ಸಾರ್ ಗೇಟಿಗೆ ಕಳಿಸುತ್ತಿದ್ದರಲ್ಲ, ಹಾಗೆ. ಲೈವ್ ಅವಳನ್ನು ತಲುಪಲು ಇಪ್ಪತ್ತು ಮೂವತ್ತು ಸೆಕೆಂಡು ತಡ. "ತುಟಿಗಿಂತ ಮಾತು ಮುಂದೆ ಓಡ್ತಿದೆ ಸಾರ್" ಅಂತ ಮೆಸೇಜು ಬಂತು. ಚಿತ್ರ, ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಬದಲಿಸುವ ಸ್ವಿಚರ್ ದಾಟಿ ಬರುವಾಗ ಚೂರು ಹಿಂದೆ ಬೀಳುತ್ತದೆ, ಧ್ವನಿಯನ್ನೂ ಅಷ್ಟೇ ತಡ ಮಾಡಿದರೆ ಸರಿಯಾಗುತ್ತದೆ. ಮಾಡಿದೆ.

ಆಮೇಲೆ ಕರೆಂಟು ಹೋಯಿತು. ಹಾಲ್‌ನ ಸ್ಪೀಕರ್ ಸತ್ತವು. ಮಿಕ್ಸರ್, ಸ್ವಿಚರ್, ಮೋಡೆಮ್ ಯುಪಿಎಸ್ ಮೇಲಿದ್ದವು, ಕ್ಯಾಮೆರಾಗಳು ಬ್ಯಾಟರಿ ಮೇಲೆ. ಜನರೇಟರ್ ಹತ್ತುವವರೆಗೆ ಹಾಲ್‌ನಲ್ಲಿದ್ದವರಿಗೆ ಬರೀ ಮಳೆ, ದುಬೈಯವರಿಗೆ ಆನೆ ಕಥೆ ಪೂರ್ತಿ ಕೇಳಿತು.

ಒಂದು ಬೇಜಾರು ಹೇಳಿಬಿಡುತ್ತೇನೆ. ಈಗ ಶಾಲೆಗಳಲ್ಲಿ ಸ್ಮಾರ್ಟ್ ಬೋರ್ಡ್ ಇದೆ, ಮಕ್ಕಳು ಮುಟ್ಟುವ ಹಾಗಿಲ್ಲ. ವಾರ್ಷಿಕೋತ್ಸವಕ್ಕೆ ಸೌಂಡಿನವರು ಹೊರಗಿನಿಂದ ಬರುತ್ತಾರೆ, ಮಕ್ಕಳು ಸುಮ್ನೆ ಸಾಲಾಗಿ ಕೂತಿರುತ್ತಾರೆ. ಹಾಳಾದರೆ ಯಾರು ಜವಾಬ್ದಾರಿ ಅಂತ ಕೇಳುತ್ತಾರೆ. ನಮ್ಮ ಕಾಲದಲ್ಲಿ ಹಾಳಾದದ್ದನ್ನು ನಾವೇ ಬಿಚ್ಚಿ ಕೂರುತ್ತಿದ್ದೆವು, ಅಲ್ವಾ?

ನನ್ನ ಹಳೆಯ ಮಿಕ್ಸರ್ ಒಂದನ್ನು ಶಾಲೆಗೆ ಬಿಟ್ಟು ಬಂದಿದ್ದೇನೆ. ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಮುಂದಿನ ವಾರ್ಷಿಕೋತ್ಸವಕ್ಕೆ ಎರಡು ದಿನ ಮೊದಲೇ ಬರುತ್ತೇನೆ, ಆ ಹುಡುಗ, ಆ ಹುಡುಗಿ, ಜೊತೆಗೆ ಇನ್ನೂ ನಾಲ್ಕು ತರಲೆ ಮಕ್ಕಳನ್ನು ಕೊಡಿ. ಹೆಡ್‌ಮಾಸ್ಟರನ್ನು ಒಪ್ಪಿಸುವುದು ಇದನ್ನು ಅಚ್ಚು ಹಾಕುವ ಸಂಪಾದಕರ ಕೆಲಸ.